ಕ್ಷಯವನ್ನು ರಕ್ತದಲ್ಲಿ ಹುಡುಕಬೇಡಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)

ಟ್ರಸ್ಟಿನ ಹಿರಿಯರೇ, ತಾಯಂದಿರೇ, ಕಲಬುರಗಿ ನಗರದಿಂದ ಹಾಗೂ ಕಮಲಾಪುರದ ಕಡೆಯಿಂದ ಬಂದಿರುವ ಮಕ್ಕಳೇ,

ವಿದ್ಯಾರ್ಥಿವೇತನದ ಹಣ ಫೀಗೆ, ಪುಸ್ತಕಕ್ಕೆ ಹೋಗಬೇಕು. ಆದರೆ ಮನೆಯಲ್ಲಿ ಒಬ್ಬರು ತಿಂಗಳುಗಟ್ಟಲೆ ಕೆಮ್ಮಿದರೆ ಆ ಹಣ ಪರೀಕ್ಷೆಗಳಿಗೇ ಕರಗುತ್ತದೆ. ಆಮೇಲೆ ಮಗಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಇದನ್ನು ನಾನು ಕಂಡಿದ್ದೇನೆ.

ರೋಗಾಣು ಒಳಹೊಕ್ಕಾಗ ನಮ್ಮ ಶರೀರ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ರಕ್ತದಲ್ಲಿ ಅವು ಕಂಡರೆ, ಹೊಲದಲ್ಲಿ ಹಂದಿಯ ಹೆಜ್ಜೆ ಕಂಡ ಹಾಗೆ. ಹಂದಿ ಬಂದಿತ್ತೆಂದು ತಿಳಿಯಿತು. ಈಗಲೂ ಇದೆಯೇ ಎಂದು ತಿಳಿಯಲಿಲ್ಲ. ಹೆಪಟೈಟಿಸ್ ಸಿ ಗುಣವಾದ ಮೇಲೂ ಪ್ರತಿಕಾಯ ಉಳಿಯುತ್ತದೆ. ಅದಕ್ಕೇ ವೈರಸ್ ಇದೆಯೇ ಎಂದು ಎರಡನೆಯ ಪರೀಕ್ಷೆ ಬೇಕು. ಎಚ್‌ಐವಿಯಲ್ಲಿ ಮಾತ್ರ ಸೋಂಕು ಜೀವಮಾನವಿಡೀ ಉಳಿಯುವುದರಿಂದ ಪ್ರತಿಕಾಯ ಪರೀಕ್ಷೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಕ್ಷಯದಲ್ಲಿ ಈ ಹೆಜ್ಜೆಯನ್ನೂ ನಂಬುವಂತಿಲ್ಲ. ಪ್ರತಿಕಾಯ ಪರೀಕ್ಷೆ ರೋಗವಿಲ್ಲದವರಿಗೆ ಇದೆ ಎನ್ನುತ್ತದೆ, ಇರುವವರಿಗೆ ಇಲ್ಲ ಎನ್ನುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಬೇಡಿ ಎಂದಿತು. 2012ರ ಜೂನ್‌ನಲ್ಲಿ ಭಾರತ ಸರ್ಕಾರ ಇದರ ತಯಾರಿಕೆ, ಮಾರಾಟ, ಬಳಕೆಯನ್ನೇ ನಿಷೇಧಿಸಿತು. ಸುಪ್ತ ಸೋಂಕು ನೋಡಲು ವೈದ್ಯರು ಬೇರೊಂದು ರಕ್ತಪರೀಕ್ಷೆ ಬರೆಯಬಹುದು. ಅದು ಪ್ರತಿಕಾಯ ಪರೀಕ್ಷೆಯಲ್ಲ. ಕ್ಷಯವೆಂದು ತಿಳಿದವರಿಗೆ ಸಕ್ಕರೆ, ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾರೆ. ಅದಕ್ಕೆ ಹೆದರಬೇಡಿ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ನಗರದವರು ಜಿಮ್ಸ್‌ಗೆ, ಕಮಲಾಪುರದವರು ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ. ದಾರಿ ತಿಳಿಯದಿದ್ದರೆ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಿದ್ದಾರೆ. ಸಾಮಾನ್ಯವಾಗಿ ಆರು ತಿಂಗಳು ಗುಳಿಗೆ ನುಂಗಬೇಕು. ಎರಡು ತಿಂಗಳಲ್ಲಿ ಆರಾಮಾಯಿತೆಂದು ನಿಲ್ಲಿಸಿದರೆ ರೋಗ ಮತ್ತಷ್ಟು ಗಟ್ಟಿಯಾಗಿ ಮರಳಬಹುದು. ತಟ್ಟೆ, ಲೋಟ ಬೇರೆ ಮಾಡಬೇಡಿ; ಕ್ಷಯ ಗಾಳಿಯಿಂದ ಹರಡುತ್ತದೆ, ಪಾತ್ರೆಯಿಂದಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ, ಮನೆಯ ಕಿಟಕಿ ತೆರೆದಿರಲಿ.

ಮಕ್ಕಳೇ, ಅಮ್ಮಿ ಅಬ್ಬಾ ಅವರಿಗೆ ಓದಲು ಬಾರದಿದ್ದರೆ ಆಸ್ಪತ್ರೆಯ ಚೀಟಿಯನ್ನು ನೀವು ಓದಿ. ಯಾವ ಪರೀಕ್ಷೆ, ಏತಕ್ಕೆ ಎಂದು ವೈದ್ಯರನ್ನು ಮರ್ಯಾದೆಯಿಂದ ಕೇಳಿ. ಮನೆಯಲ್ಲಿ ಕಾಯಿಲೆ ಇದೆಯೆಂದು ಶಾಲೆ ಬಿಡಬೇಡಿ. ನಿಮ್ಮ ಶಿಕ್ಷಕರಿಗೆ, ಟ್ರಸ್ಟಿನವರಿಗೆ ತಿಳಿಸಿ. ಅಲ್ಲಾಹನು ಎಲ್ಲರಿಗೂ ಆರೋಗ್ಯ ಕೊಡಲಿ.