ಸೂಜಿ ಕೂಲಿಕಾರನ ಬಳಿಗೆ ಬರಬೇಕು

(ಮಡಕಶಿರಾ ಭಾಗದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಉಪದೇಶಿಯೊಬ್ಬರು ಆಡಿದ ಮಾತುಗಳು)



ಕೊರೋನಾ ಕಾಲದ ಒಂದು ಪ್ರಶ್ನೆಯನ್ನು ನಮ್ಮ ಜನ ಈಗಲೂ ಕೇಳುತ್ತಾರೆ. 2021ರಲ್ಲಿ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಜನರು ತಮ್ಮ ಬೀದಿಯ ಮೆಡಿಕಲ್ ಶಾಪಿಗೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ರಾಯದುರ್ಗದಲ್ಲೂ ಮಡಕಶಿರಾದಲ್ಲೂ ಮೆಡಿಕಲ್ ಶಾಪುಗಳಿವೆ. ಅಲ್ಲಿ ಯಾಕೆ ಹಾಕಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ದುಡಿಯುವ ಜನರಿಗೆ ಒಂದು ಪಾಠ ಸಿಗುತ್ತದೆ.

ಆ ದೇಶಗಳಲ್ಲಿ ಔಷಧದ ಅಂಗಡಿಯವನಿಗೆ ಸೂಜಿ ಹಾಕುವ ತರಬೇತಿ ಇದೆ, ಕಾನೂನಿನ ಒಪ್ಪಿಗೆಯೂ ಇದೆ. ನಮ್ಮಲ್ಲಿ ಅವನ ಕೆಲಸ ಚೀಟಿ ನೋಡಿ ಔಷಧ ಕೊಡುವುದು. 2022ರ ಜನವರಿ 27ರಂದು ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡಕ್ಕೂ ಮಾರುಕಟ್ಟೆಯ ಅನುಮತಿ ಸಿಕ್ಕಿತು. ಆಗಲೂ ಆಸ್ಪತ್ರೆ ಮತ್ತು ಕ್ಲಿನಿಕ್ಕುಗಳು ಕೊಳ್ಳಬಹುದು, ಮೆಡಿಕಲ್ ಶಾಪಿನಲ್ಲಿ ಮಾರುವಂತಿಲ್ಲ ಎಂದೇ ಸರಕಾರ ಹೇಳಿತು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿ ನೋಡಿಕೊಳ್ಳಬೇಕು. ಹೆಸರು, ತಾರೀಖು ಬರೆದಿಡಬೇಕು. ಇಷ್ಟಿಲ್ಲದ ಕಡೆ ತೋಳು ಒಡ್ಡಬಾರದು.

ಅಂಗಡಿಯಲ್ಲಿ ಸಿಕ್ಕಿದ್ದರೂ ನಮ್ಮ ಕೈಗೆ ಎಟುಕುತ್ತಿತ್ತೇ? 2021ರ ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಗೆ ಸರಕಾರ ಗೊತ್ತುಮಾಡಿದ ಹೆಚ್ಚಿನ ದರ ಕೋವಿಶೀಲ್ಡಿಗೆ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1410 ರೂಪಾಯಿ. ಆ ವರ್ಷ ಆಂಧ್ರದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 245 ರೂಪಾಯಿ. ಒಬ್ಬ ಆಳಿನ ಒಂದು ಸೂಜಿಗೆ ಮೂರು ದಿನದ ಕೂಲಿಗಿಂತ ಹೆಚ್ಚು. ಗಂಡ, ಹೆಂಡತಿ, ಮುದಿ ತಾಯಿ, ತಲೆಗೆ ಎರಡೆರಡು ಎಂದು ಲೆಕ್ಕ ಹಾಕಿರಿ. ಆದ್ದರಿಂದ ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಕೇಂದ್ರ ಸರಕಾರ ಪುಕ್ಕಟೆಯಾಗಿ ಕೊಟ್ಟದ್ದು ಬಡವನ ಪಾಲಿಗೆ ದೊಡ್ಡ ಸಂಗತಿ.

ನಮ್ಮ ರಾಜ್ಯದಲ್ಲಿ ಅದು ಗ್ರಾಮ ಸಚಿವಾಲಯದವರೆಗೆ ನಡೆದು ಬಂತು. ನರ್ಸಮ್ಮನೂ ಆಶಾ ಕಾರ್ಯಕರ್ತೆಯೂ ಮನೆಮನೆಯ ಲೆಕ್ಕ ಹಿಡಿದು ಜನರನ್ನು ಕರೆದರು. 2021ರ ಜೂನ್ 20ರ ಒಂದೇ ದಿನ ಆಂಧ್ರದಲ್ಲಿ 13 ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಿದರು. ಸೂಜಿ ಹತ್ತಿರ ಬಂದರೆ ಜನ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಿಂದೆಯೂ ಹಾಗೆಯೇ ಆಯಿತು. ನಮ್ಮ ಹಿರಿಯರ ತೋಳಿನ ಮೇಲಿನ ಗುರುತು ನೋಡಿರಿ. ಊರೂರು ತಿರುಗಿ ಹಾಕಿದ್ದರಿಂದಲೇ 1975ರ ಹೊತ್ತಿಗೆ ಸಿಡುಬು ಈ ದೇಶ ಬಿಟ್ಟು ಹೋಯಿತು. ಬಸ್ ಸ್ಟ್ಯಾಂಡಿನಲ್ಲೂ ಬಾಗಿಲಲ್ಲೂ ಹನಿ ಹಾಕಿದ್ದರಿಂದ 2011ರ ನಂತರ ಇಲ್ಲಿ ಪೋಲಿಯೋ ಇಲ್ಲವಾಯಿತು.

ಆದರೂ ನಮ್ಮವರಲ್ಲಿ ಕೆಲವರು ಹಿಂದೆ ಉಳಿದರು. ಅವರನ್ನು ಮೂಢರು ಎಂದು ಬೈಯುವುದು ಸುಲಭ. ಕಾರಣ ಬೇರೆಯೂ ಇತ್ತು. ಕೋವಿಶೀಲ್ಡಿನ ಒಂದು ಬುಡ್ಡಿಯಲ್ಲಿ ಹತ್ತು ಜನರ ಮದ್ದು. ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಒಬ್ಬನೇ ಹೋದವನು ಹತ್ತು ಜನ ಸೇರುವ ತನಕ ಕಾಯಬೇಕು, ಅಲ್ಲಿಗೆ ಅರ್ಧ ದಿನದ ಕೂಲಿ ಹೋಯಿತು. ಮಾರನೆಯ ದಿನ ಜ್ವರ, ಮೈಕೈ ನೋವು ಬಂದರೆ ಇನ್ನೊಂದು ದಿನವೂ ಹೋಯಿತು. 2021ರ ಮೇ ತಿಂಗಳಿನಿಂದ ಕೋವಿಶೀಲ್ಡಿನ ಎರಡನೆಯ ಸೂಜಿಗೆ 84 ದಿನ ಕಾಯಬೇಕಾಯಿತು. ತೋಟದ ಕೆಲಸ ಹುಡುಕಿ ಹೋದವನು 84 ದಿನದಲ್ಲಿ ಯಾವ ಊರಿನಲ್ಲಿರುತ್ತಾನೋ! ಮೊದಲನೆಯದನ್ನು ಆಂಧ್ರದಲ್ಲಿ, ಎರಡನೆಯದನ್ನು ಕರ್ನಾಟಕದಲ್ಲಿ ಹಾಕಿಸಿಕೊಳ್ಳಲು ಅವಕಾಶವಿತ್ತು. ಅದನ್ನು ಲೈನ್ ಮನೆಯ ಬಾಗಿಲಿಗೆ ಹೋಗಿ, ಅವನ ಭಾಷೆಯಲ್ಲಿ ಹೇಳುವವರು ಬೇಕಿತ್ತು. ಕೆಲಸದ ಜಾಗದಲ್ಲೇ ಲಸಿಕೆ ಹಾಕಲು 2021ರ ಏಪ್ರಿಲ್‌ನಲ್ಲಿ ಸರಕಾರ ಒಪ್ಪಿತು. ಆದರೆ ಅಲ್ಲಿ ಸುಮಾರು 100 ಜನ ಅರ್ಹರಿರಬೇಕಿತ್ತು. ಇಪ್ಪತ್ತು, ಮೂವತ್ತು ಆಳುಗಳ ಸಣ್ಣ ತೋಟ ಆ ಲೆಕ್ಕಕ್ಕೆ ಬರಲಿಲ್ಲ.

ಯೊವಾನ್ನನ ಶುಭಸಂದೇಶದ 5ನೇ ಅಧ್ಯಾಯ ನಿಮಗೆ ಗೊತ್ತು. ಜೆರುಸಲೇಮಿನ ಕೊಳದ ಬಳಿ 38 ವರ್ಷದಿಂದ ರೋಗಿಯಾಗಿದ್ದ ಒಬ್ಬ ಬಿದ್ದಿದ್ದ. ಗುಣಪಡಿಸುವ ನೀರು ಕಣ್ಣೆದುರಿಗೇ ಇತ್ತು. ಅವನನ್ನು ಇಳಿಸುವವರು ಇರಲಿಲ್ಲ. ಅವನು ತೆವಳುವಷ್ಟರಲ್ಲಿ ಇನ್ನೊಬ್ಬ ಇಳಿದುಬಿಡುತ್ತಿದ್ದ. ಯೇಸುಸ್ವಾಮಿ ಅವನನ್ನು ಸೋಮಾರಿ ಎನ್ನಲಿಲ್ಲ, ತಾವೇ ಅವನ ಬಳಿಗೆ ಹೋದರು. ಮದ್ದು ಇದ್ದರೆ ಸಾಲದು, ಅದರ ತನಕ ಮುಟ್ಟಿಸುವ ಕೈ ಬೇಕು. ನಮ್ಮ ಸಂಘದ ಕೆಲಸವೂ ಅದೇ, ಸಭೆಯ ಕೆಲಸವೂ ಅದೇ.

ಭಯದ ಮಾತನ್ನೂ ಮುಚ್ಚಿಡುವುದು ಬೇಡ. ಕೋವಿಶೀಲ್ಡಿನಿಂದ ತೀರ ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುವುದುಂಟು. ಆದರೆ ಲಸಿಕೆಯಿಲ್ಲದೆ ಕೊರೋನಾ ಹಿಡಿದವರಿಗೆ ಇದ್ದ ಅಪಾಯ ಅದಕ್ಕಿಂತ ಬಹಳ ದೊಡ್ಡದು. ನಿಜ ಹೇಳಿದರೆ ಜನ ನಂಬುತ್ತಾರೆ. ಅಪಾಯವೇ ಇಲ್ಲ ಎಂದು ಹೇಳಿ, ಮಾರನೆಯ ದಿನ ಒಬ್ಬನಿಗೆ ಜ್ವರ ಬಂದರೆ, ಹತ್ತು ಮನೆ ಬಾಗಿಲು ಹಾಕಿಕೊಳ್ಳುತ್ತವೆ. ದಿವಂಗತ ಪೋಪ್ ಫ್ರಾನ್ಸಿಸರು 2021ರ ಆಗಸ್ಟ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳುವುದು ಪ್ರೀತಿಯ ಕಾರ್ಯವೆಂದು ತಿಳಿಸಿದರು. ನನ್ನ ತೋಳಿನ ಸೂಜಿ ಪಕ್ಕದ ಮನೆಯ ಮುದುಕಿಯನ್ನೂ ಕಾಯುತ್ತದೆ ಎಂಬ ಅರ್ಥದಲ್ಲಿ ಅದನ್ನು ತಿಳಿದುಕೊಳ್ಳೋಣ.

ಕೊರೋನಾದ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ಸೂಜಿಯ ಅಗತ್ಯ ಮುಗಿಯಲಿಲ್ಲ. ತೋಟಕ್ಕೆ ಹೋಗುವ ದಾರಿಯಲ್ಲಿ ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಸೂಜಿ ಒಂದಕ್ಕೆ ಮುಗಿಯುವುದಿಲ್ಲ. ಡಾಕ್ಟರು ಹೇಳಿದ ಅಷ್ಟೂ ದಿನ ಹೋಗಬೇಕು. ಕೂಲಿ ತಪ್ಪುತ್ತದೆಂದು ನಡುವೆ ಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ಮಕ್ಕಳ ಲಸಿಕೆಯೂ ಹಾಗೆಯೇ, ವಲಸೆ ಹೋದಾಗ ನಡುವೆ ತಪ್ಪಿಹೋಗುತ್ತದೆ.

ಆದ್ದರಿಂದ ಮೂರು ಮಾತು. ಒಂದು, ಲಸಿಕೆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟು, ಹೋದ ಕಡೆಗೆಲ್ಲ ಒಯ್ಯಿರಿ. ರಾಜ್ಯ ಬದಲಾದರೂ ಮಗುವಿನ ಸೂಜಿ ಬದಲಾಗುವುದಿಲ್ಲ. ಎರಡು, ಒಬ್ಬೊಬ್ಬರಾಗಿ ಹೋಗಬೇಡಿರಿ. ನರ್ಸಮ್ಮನನ್ನು ಮೊದಲೇ ಕೇಳಿ, ಹತ್ತು ಜನ ಕೂಡಿ ಒಂದೇ ದಿನ ಹೋಗಿರಿ, ಅಥವಾ ಅವರನ್ನೇ ಲೈನಿಗೆ ಕರೆಸಿರಿ. ಮೂರು, ಸೂಜಿಯ ದಿನದ ಕೂಲಿ ಕತ್ತರಿಸಬಾರದೆಂದು ಮೇಸ್ತ್ರಿಯ ಬಳಿ, ಧನಿಗಳ ಬಳಿ ಒಟ್ಟಾಗಿ ಕೇಳಿರಿ. ತೋಟದ ಕಾರ್ಮಿಕರಿಗೆ ವೈದ್ಯಕೀಯ ಸೌಕರ್ಯ ಕೊಡುವುದು ಮಾಲೀಕರ ಹೊಣೆಯೆಂದು 1951ರ ಪ್ಲಾಂಟೇಶನ್ ಕಾನೂನೇ ಒಪ್ಪಿತ್ತು. ನಾವು ಕೇಳುವುದು ಭಿಕ್ಷೆಯಲ್ಲ. ಆರೋಗ್ಯವಾಗಿರುವ ಆಳಿನಿಂದಲೇ ತೋಟ ನಡೆಯುತ್ತದೆ.

ದೇವರು ನಿಮ್ಮ ಮನೆಗಳನ್ನು ಕಾಯಲಿ. ನಾವು ಒಬ್ಬರನ್ನೊಬ್ಬರು ಕಾಯೋಣ.