ಸೇವೆ ಮತ್ತು ವೃತ್ತಿ: ಸಮಾಜಕಾರ್ಯದ ಗುರುತು

(ಸಂಘದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪದವಿ ಮುಗಿಸಿದ ಮಗನೋ ಮಗಳೋ ಮನೆಯಲ್ಲಿ "ಎಂ.ಎಸ್.ಡಬ್ಲ್ಯು. ಓದುತ್ತೇನೆ" ಎಂದರೆ ಹಿರಿಯರಿಂದ ಬರುವ ಮೊದಲ ಪ್ರಶ್ನೆ ತಮಗೆ ಗೊತ್ತಿದೆ. "ಸಮಾಜ ಸೇವೆ ಮಾಡುವುದಕ್ಕೆ ಡಿಗ್ರಿ ಯಾಕೆ? ಅದರಿಂದ ಹೊಟ್ಟೆ ತುಂಬುತ್ತದೆಯೇ?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಮಾಜಕಾರ್ಯ ಎಂಬ ವೃತ್ತಿಯೂ ಹುಟ್ಟಿದಂದಿನಿಂದ ತನ್ನನ್ನು ತಾನು ಕೇಳಿಕೊಳ್ಳುತ್ತಲೇ ಬಂದ ಪ್ರಶ್ನೆ ಇದು.

ಗೊಂದಲ ಹೆಸರಿನಲ್ಲೇ ಇದೆ. ರಕ್ತದಾನ ಶಿಬಿರ ನಡೆಸುವವರು ಸಮಾಜ ಸೇವಕರು. ಚುನಾವಣೆ ಹತ್ತಿರ ಬಂದಾಗ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಲ್ಲುವವರೂ ಸಮಾಜ ಸೇವಕರು. ಆಸ್ಪತ್ರೆಯಲ್ಲಿ ರೋಗಿಗಳ ಕುಟುಂಬಗಳ ನಡುವೆ ದಿನವಿಡೀ ದುಡಿಯುವ ತರಬೇತಾದ ಹೆಣ್ಣುಮಗಳಿಗೂ ಜನ ಅದೇ ಹೆಸರು ಹೇಳುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳು ಮಾತ್ರ ಈ ವಿಷಯವನ್ನು 'ಸಮಾಜಕಾರ್ಯ' ಎಂದು ಕರೆಯುತ್ತವೆ. 'ಸೇವೆ' ಮತ್ತು 'ಕಾರ್ಯ' ಎಂಬ ಈ ಎರಡು ಪದಗಳ ನಡುವಿನ ಅಂತರವೇ ಇಂದಿನ ನನ್ನ ವಿಷಯ.

ಸೇವೆ ಬಹಳ ಹಳೆಯದು. ಹಸಿದವರಿಗೆ ಅನ್ನ, ಅನಾಥರಿಗೆ ಆಸರೆ ನೀಡುವುದು ಎಲ್ಲ ಧರ್ಮಗಳಲ್ಲೂ ಎಲ್ಲ ನಾಡುಗಳಲ್ಲೂ ಇರುವ ರೂಢಿ. ಆದರೆ ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳ ನಗರಗಳಲ್ಲಿ ಬಿಡಿಬಿಡಿ ದಾನ ಸಾಲದಾಯಿತು. 1869ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಚಾರಿಟಿ ಆರ್ಗನೈಸೇಶನ್ ಸೊಸೈಟಿ, ಮನೆಗೆ ಹೋಗಿ ವಿಚಾರಿಸಿದ ನಂತರವೇ ನೆರವು ನೀಡುವ ಪದ್ಧತಿ ತಂದಿತು. ಬಡವರಲ್ಲಿ ಯಾರು ಯೋಗ್ಯರು, ಯಾರು ಅಯೋಗ್ಯರು ಎಂದು ವಿಂಗಡಿಸುವ ಕಟುತನವೂ ಅದರಲ್ಲಿತ್ತು. 1889ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಮಹಿಳೆಯರು ಹಲ್ ಹೌಸ್ ತೆರೆದು, ವಲಸೆ ಬಂದ ದುಡಿಮೆಗಾರರ ನೆರೆಯವರಾಗಿ ಬದುಕಿದರು. ಬಡವರನ್ನು ತಿದ್ದುವುದಕ್ಕಿಂತ ಬಾಲಕಾರ್ಮಿಕ ಪದ್ಧತಿಯನ್ನು, ಕೊಳಕು ವಸತಿಯನ್ನು ತಿದ್ದಬೇಕೆಂಬುದು ಅವರ ನಿಲುವು. ವ್ಯಕ್ತಿಯ ಕಷ್ಟವನ್ನು ಕಾಣುವ ಕಣ್ಣು ಒಂದು, ಆ ಕಷ್ಟ ತಂದ ವ್ಯವಸ್ಥೆಯನ್ನು ಕಾಣುವ ಕಣ್ಣು ಇನ್ನೊಂದು. ಸಮಾಜಕಾರ್ಯಕ್ಕೆ ಇಂದಿಗೂ ಇವೆರಡೂ ಬೇಕು.

1915ರಲ್ಲಿ ಬಾಲ್ಟಿಮೋರ್ ನಗರದ ಒಂದು ಸಮ್ಮೇಳನದಲ್ಲಿ ಶಿಕ್ಷಣ ತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ನೇರವಾಗಿ ಕೇಳಿದರು: ಸಮಾಜಕಾರ್ಯ ಒಂದು ವೃತ್ತಿಯೇ? ಇನ್ನೂ ಅಲ್ಲ ಎಂಬುದು ಅವರದೇ ಉತ್ತರ. ಕಾಯಿಲೆ ಕಂಡರೆ ವೈದ್ಯರ ಬಳಿಗೆ, ವ್ಯಾಜ್ಯ ಕಂಡರೆ ವಕೀಲರ ಬಳಿಗೆ ಕಳಿಸುವ ಮಧ್ಯವರ್ತಿಗೆ ತನ್ನದೇ ಆದ ವಿದ್ಯೆ ಯಾವುದು ಎಂಬುದು ಅವರ ತರ್ಕವಾಗಿತ್ತು. ಎರಡೇ ವರ್ಷಗಳಲ್ಲಿ, 1917ರಲ್ಲಿ, ಮೇರಿ ರಿಚ್‌ಮಂಡ್ 'ಸೋಶಿಯಲ್ ಡಯಾಗ್ನೋಸಿಸ್' ಎಂಬ ಗ್ರಂಥ ಪ್ರಕಟಿಸಿದರು. ಒಬ್ಬರ ಕಷ್ಟವನ್ನು ಕುಟುಂಬ, ನೆರೆಹೊರೆ, ದುಡಿಮೆಗಳ ಹಿನ್ನೆಲೆಯಲ್ಲಿ ಕ್ರಮವಾಗಿ ಅರಿಯುವ ವಿಧಾನ ಇದೆಯೆಂದೂ ಅದನ್ನು ಕಲಿಸಬಹುದೆಂದೂ ಅದು ತೋರಿಸಿತು.

ನಮ್ಮ ದೇಶದಲ್ಲಿ ಈ ಶಿಕ್ಷಣ ಆರಂಭವಾದದ್ದು 1936ರಲ್ಲಿ, ಮುಂಬಯಿಯ ನಾಗಪಾಡದಲ್ಲಿ. ಅಲ್ಲಿ ನೆರೆಹೊರೆ ಕೇಂದ್ರ ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅವರೇ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್ ಸಂಸ್ಥೆಯ ಮೊದಲ ನಿರ್ದೇಶಕರು. ಅದೇ 1944ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಆರಂಭವಾಯಿತು. ಮುಂದೆ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಸಮಾಜಕಾರ್ಯ ವಿಭಾಗಗಳು ಬಂದವು.

ಆರಂಭದ ದಶಕಗಳಲ್ಲಿ ಅನೇಕ ಪದವೀಧರರು ಕಾರ್ಖಾನೆಗಳಿಗೆ ಹೋದರು. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತ್ತು. ಸಂಬಳ ಮಾಲೀಕರದು, ಕಾಳಜಿ ಕಾರ್ಮಿಕರದು. ನಾನು ಯಾರ ಪರ ಎಂಬ ಇಕ್ಕಟ್ಟು ಅಲ್ಲೇ ಶುರುವಾಯಿತು. ನಂತರ ಆಸ್ಪತ್ರೆ, ಮಾನಸಿಕ ಆರೋಗ್ಯ, ಮಕ್ಕಳ ರಕ್ಷಣೆ, ಗ್ರಾಮಾಭಿವೃದ್ಧಿ ಹೀಗೆ ಕ್ಷೇತ್ರ ಹರಡಿತು. 2014ರಲ್ಲಿ ಮೆಲ್ಬೋರ್ನ್‌ನಲ್ಲಿ ಒಪ್ಪಿದ ಜಾಗತಿಕ ವ್ಯಾಖ್ಯೆಯು ಸಾಮಾಜಿಕ ನ್ಯಾಯ ಮತ್ತು ಮಾನವ ಹಕ್ಕುಗಳನ್ನು ಈ ವೃತ್ತಿಯ ಕೇಂದ್ರದಲ್ಲಿಟ್ಟಿತು, ಆಯಾ ನೆಲದ ಜನರ ಅರಿವಿಗೂ ಮಾನ್ಯತೆ ನೀಡಿತು.

ಹಾಗಾದರೆ ಈ ವಿದ್ಯೆ ಏನು ಮಾಡುತ್ತದೆ? ಒಂದು ಉದಾಹರಣೆ ನೋಡೋಣ. ಬೀಡಿ ಕಟ್ಟುವ ತಾಯಿಯೊಬ್ಬರಿಗೆ ಕ್ಷಯ ತಗಲಿದೆ ಎಂದಿಟ್ಟುಕೊಳ್ಳಿ. ಔಷಧಿ ಸರ್ಕಾರದಿಂದ ಉಚಿತ, ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಅವರು ಬಿಟ್ಟುಬಿಡುತ್ತಾರೆ. ದಾನಿಯು ಅಕ್ಕಿ ಕೊಡಬಲ್ಲರು. ವೈದ್ಯರು ಗದರಬಲ್ಲರು. ತರಬೇತಾದ ಕಾರ್ಯಕರ್ತೆ ಮನೆಗೆ ಹೋಗಿ, ಕುಳಿತು, ಕೇಳುತ್ತಾಳೆ. ಆಸ್ಪತ್ರೆಗೆ ಹೋದ ದಿನ ಕೂಲಿ ತಪ್ಪುತ್ತದೆ. ಬೀದಿಗೆ ವಿಷಯ ತಿಳಿದರೆ ಮಗಳ ಸಂಬಂಧ ಮುರಿಯುವ ಭಯವೂ ಇದೆ. ಕಾರ್ಯಕರ್ತೆ ಗುಟ್ಟು ಕಾಯುತ್ತಾಳೆ, ಮನೆಯ ಹತ್ತಿರವೇ ಔಷಧಿ ಸಿಗುವಂತೆ ಮಾಡುತ್ತಾಳೆ, ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯ ಹಣ ಖಾತೆಗೆ ಬರುವಂತೆ ನೋಡಿಕೊಳ್ಳುತ್ತಾಳೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಾಗಿ ಆರಂಭವಾದ ಈ ನೆರವನ್ನು 2024ರ ನವೆಂಬರ್‌ನಿಂದ 1000 ರೂಪಾಯಿಗೆ ಏರಿಸಲಾಗಿದೆ. ಆರು ತಿಂಗಳ ನಂತರ ಆ ತಾಯಿಗೆ ಈ ಕಾರ್ಯಕರ್ತೆಯ ಅಗತ್ಯವೇ ಇರಬಾರದು. ಅದೇ ಅವಳ ಗೆಲುವು.

ಇಲ್ಲಿಯೇ ವೃತ್ತಿಯ ನಿಜವಾದ ಗುರುತಿದೆ. ಸಂಬಳ ಬರುತ್ತದೆ ಎಂಬುದರಿಂದ ಅದು ವೃತ್ತಿಯಾಗುವುದಿಲ್ಲ. ನೆರವು ಪಡೆಯುವವರಿಗೆ ನಾವು ಉತ್ತರ ಕೊಡಬೇಕಾದವರು ಎಂಬುದರಿಂದ ಆಗುತ್ತದೆ. ದಾನಿಗೆ ಲೆಕ್ಕ ಕೊಡುವುದು ಎಲ್ಲ ಸಂಸ್ಥೆಗಳಿಗೂ ಗೊತ್ತು. ಪಡೆದವರಿಗೆ ಲೆಕ್ಕ ಕೊಡುವುದು ಎಷ್ಟು ಮಂದಿಗೆ ಗೊತ್ತು?

ಹಿರಿಯ ಸದಸ್ಯರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನ ಕೊಡುವಾಗ ಮಗುವನ್ನು ವೇದಿಕೆಗೆ ಕರೆದು, ಚೆಕ್ಕಿನ ಎರಡು ತುದಿ ಹಿಡಿದು ಫೋಟೋ ತೆಗೆಸುವುದು ಎಲ್ಲ ಊರುಗಳಲ್ಲೂ ನಡೆದಿದೆ. ಪ್ರತಿಭೆಗೆ ಬಹುಮಾನವಾದರೆ ಅದು ಸಂತೋಷ. ಬಡತನಕ್ಕೆ ನೆರವಾದರೆ ಆ ಫೋಟೋ ಮರುದಿನ ತರಗತಿಯಲ್ಲಿ ಆ ಮಗುವಿನ ಹೆಸರಾಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ಕೇಳುತ್ತ ಬೆಳೆದವರು ನಾವು. ಸಮಾಜಕಾರ್ಯದ ಪಠ್ಯಗಳು ಗೋಪ್ಯತೆ ಎನ್ನುವುದೂ ಇದಕ್ಕೆ ದೂರವಿಲ್ಲ. ಹಣ ನೇರವಾಗಿ ಖಾತೆಗೆ ಹೋಗಲಿ, ಮಗು ಓದಿನಲ್ಲಿ ಎಡವಿದರೆ ಮನೆಗೆ ಹೋಗಿ ವಿಚಾರಿಸುವ ಒಬ್ಬ ತರಬೇತಾದ ವ್ಯಕ್ತಿ ಸಂಘದಲ್ಲಿರಲಿ.

ಕಾನೂನು ಈ ವೃತ್ತಿಯನ್ನು ನಿಧಾನವಾಗಿ ಗುರುತಿಸುತ್ತಿದೆ. 2015ರ ಬಾಲನ್ಯಾಯ ಕಾಯಿದೆಯಂತೆ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು 2021ರ ಆರೋಗ್ಯ ಸಂಬಂಧಿ ವೃತ್ತಿಗಳ ಕಾಯಿದೆಯ ಪಟ್ಟಿಯಲ್ಲಿದ್ದಾರೆ. ಆದರೆ ವಕೀಲರಿಗೆ ಬಾರ್ ಕೌನ್ಸಿಲ್ ಇರುವಂತೆ ಎಲ್ಲ ಸಮಾಜ ಕಾರ್ಯಕರ್ತರಿಗೂ ಅನ್ವಯಿಸುವ ಶಾಸನಬದ್ಧ ಮಂಡಳಿ ದೇಶದಲ್ಲಿಲ್ಲ. ಆದ್ದರಿಂದ ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ.

ವಿದ್ಯಾರ್ಥಿಗಳೇ, ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಎಂ.ಎಸ್.ಡಬ್ಲ್ಯು. ಎರಡು ವರ್ಷದ ಓದು. ತರಗತಿಯಷ್ಟೇ ಕ್ಷೇತ್ರಕಾರ್ಯ ಇರುತ್ತದೆ, ವರದಿ ಬರೆದು ಬರೆದು ಕೈ ಸೋಲುತ್ತದೆ. ಅನೇಕ ಹುದ್ದೆಗಳು ಗುತ್ತಿಗೆಯವು, ಆರಂಭದ ಸಂಬಳ ದೊಡ್ಡದಲ್ಲ. ಬರೀ ಕನಿಕರವನ್ನು ನಂಬಿ ಬಂದವರು ಬೇಗ ದಣಿಯುತ್ತಾರೆ. ಆದರೆ ಹೊರಗಿನವರಿಗೆ ತೆರೆಯದ ಮನೆಗಳ ಬಾಗಿಲು ನಮ್ಮ ಹೆಣ್ಣುಮಕ್ಕಳಿಗೆ ತೆರೆಯುತ್ತದೆ. ಆ ಮನೆಗಳ ಭಾಷೆ, ಭಯ, ಮರ್ಯಾದೆ ಅವರಿಗೆ ಗೊತ್ತು. ಅದರ ಮೇಲೆ ತರಬೇತಿಯೂ ಸೇರಿದರೆ ಅವರು ಯಾವ ಜಾತಿ ಮತದ ಮನೆಯಲ್ಲೂ ಕೆಲಸ ಮಾಡಬಲ್ಲರು.

ಪೋಷಕರೇ, ಮುಂದೆ ಮಕ್ಕಳು ಈ ಓದಿನ ಮಾತೆತ್ತಿದಾಗ ಸಂಬಳವೆಷ್ಟು ಎಂದು ಖಂಡಿತ ಕೇಳಿ. ಜೊತೆಗೆ, ಯಾರಿಗೆ ಉತ್ತರ ಕೊಡುವ ಕೆಲಸವಿದು ಎಂದೂ ಕೇಳಿ. ಆ ಎರಡನೆಯ ಪ್ರಶ್ನೆಗೆ ಮಗುವಿನ ಬಳಿ ಉತ್ತರವಿದ್ದರೆ, ಧೈರ್ಯವಾಗಿ ಕಳುಹಿಸಿಕೊಡಿ.