ಆಟ ಅಂಗಿ, ಯಂತ್ರ ಮೈ



ಬೆಂಗಳೂರಿನ ಟೌನ್‌ಹಾಲ್ ಬಳಿಯ ಎಸ್.ಪಿ. ರಸ್ತೆಗೆ ಮಗನೊಂದಿಗೆ ಹೋಗುವ ತಂದೆಗೆ ಒಂದು ಪ್ರಶ್ನೆ ಕಾಡುತ್ತದೆ. ವಿಡಿಯೋ ಗೇಮ್ ಆಡಲು ಕಂಪ್ಯೂಟರ್ ಜೋಡಿಸಬೇಕೋ, ಟಿ.ವಿ.ಗೆ ಹಾಕುವ ಕನ್ಸೋಲ್ ಕೊಳ್ಳಬೇಕೋ? ಮಾತು ಗ್ರಾಫಿಕ್ಸ್ ಕಾರ್ಡಿನ ಬೆಲೆಯಿಂದ ಶುರುವಾಗುತ್ತದೆ. ಶುರುವಾಗಬೇಕಾದ್ದು ಕಾಲದ ಲೆಕ್ಕದಿಂದ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಅವೆಲ್ಲ ಮೊದಲೇ ಸಿದ್ಧವಾದವು. ಗೇಮ್‌ನಲ್ಲಿ ಹಾಗಲ್ಲ. ಹುಡುಗ ಗುಂಡಿ ಒತ್ತಿದ ಮೇಲೆಯೇ ಮುಂದಿನ ಚಿತ್ರ ಹುಟ್ಟಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು. ತಡವಾದರೆ ಆಟ ಮುಗ್ಗರಿಸುತ್ತದೆ.

ಆಟವೊಂದು ಅಂಗಿ, ಯಂತ್ರವೊಂದು ಮೈ ಎಂದುಕೊಳ್ಳಿ. ಒಂದು ಜಾತಿಯ ಕನ್ಸೋಲ್‌ಗಳೆಲ್ಲ ಒಂದೇ ಅಳತೆಯ ಮೈ. 1996ರಲ್ಲಿ ಬಂದ ನಿಂಟೆಂಡೊ 64ರ ಮೂಲ ಮೆಮೊರಿ ಎಲ್ಲರ ಮನೆಯಲ್ಲೂ 4 ಮೆಗಾಬೈಟ್. ಕಂಪ್ಯೂಟರ್‌ಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಅಲ್ಲಿ ಅಂಗಿಯನ್ನು ಹಿಗ್ಗಿಸುವ, ಕುಗ್ಗಿಸುವ ಏರ್ಪಾಡು ಬೇಕು.

ಈ ಕಷ್ಟದ ಪರಿಚಯ ಬೆಂಗಳೂರಿಗೆ ಹಳೆಯದು. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. ಫ್ರಾನ್ಸಿನ ಇನ್ಫೋಗ್ರೇಮ್ಸ್ ಅದಕ್ಕೆ ವಹಿಸಿದ ಕೆಲಸ, ನಿಂಟೆಂಡೊ 64ರ ‘ಮಿಷನ್: ಇಂಪಾಸಿಬಲ್’ ಆಟವನ್ನು ಕಂಪ್ಯೂಟರ್‌ಗೆ ಹೊಂದಿಸುವುದು. ಆ ಆವೃತ್ತಿ ಮಾರುಕಟ್ಟೆಗೆ ಬರಲಿಲ್ಲ. ಆದರೆ ಕೈ ಪಳಗಿತು. ಮುಂದೆ ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಆಟಗಳ ಕಾರುಗಳು ಇಲ್ಲಿ ರೂಪುಗೊಂಡವು. 2019ರಲ್ಲಿ ರಾಕ್‌ಸ್ಟಾರ್ ಈ ಕಂಪನಿಯನ್ನು ಕೊಂಡಿತು.

ಯಂತ್ರದ ಕಣ್ಣಿಗೆ ಕಾರೆಂದರೆ ತ್ರಿಕೋನಗಳ ಬಲೆ. ತ್ರಿಕೋನ ಹೆಚ್ಚಿದಷ್ಟೂ ಚಂದ, ಅಷ್ಟೇ ಹೊರೆ. ಆದ್ದರಿಂದ ದೂರದ ಕಾರಿಗೆ ಕಡಿಮೆ ತ್ರಿಕೋನ, ಹತ್ತಿರ ಬಂದಂತೆ ಹೆಚ್ಚು. ನೋಡುವವರಿಗೆ ಈ ಉಳಿತಾಯ ತಿಳಿಯುವುದೇ ಇಲ್ಲ. ಅಂದ ಕೇವಲ ಕಾರ್ಡಿನದಲ್ಲ, ಕಲಾವಿದನ ಮಿತವ್ಯಯದ್ದೂ ಹೌದು.

2020ರ ಪ್ಲೇಸ್ಟೇಷನ್ 5ರಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ 16 ಗಿಗಾಬೈಟ್ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ; ಕಾರ್ಡನ್ನು ಬದಲಿಸಲೂಬಹುದು. ಆದರೆ ಪ್ರೊಸೆಸರ್ ನಿಧಾನವಾದರೆ ದುಬಾರಿ ಕಾರ್ಡು ಸುಮ್ಮನೆ ಕಾಯುತ್ತದೆ. ಪರದೆ 60 ಹರ್ಟ್ಸ್‌ನದಾದರೆ, ಕಾರ್ಡು ಸೆಕೆಂಡಿಗೆ 120 ಚಿತ್ರ ಬರೆದರೂ ಕಾಣುವುದು 60 ಮಾತ್ರ.

ಆಟವಷ್ಟೇ ಬೇಕಾದ ಮನೆಗೆ ಕನ್ಸೋಲ್ ಸಾಕು. ಓದು, ಕೆಲಸವೂ ನಡೆಯಬೇಕಾದರೆ ಕಂಪ್ಯೂಟರ್ ಲೇಸು. ಅದರ ಭಾಗಗಳು ಒಂದಕ್ಕೊಂದು ಹೊಂದಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಗೇಮ್ ಕಟ್ಟುವವರು 16.7 ಮಿಲಿಸೆಕೆಂಡಿಗೊಮ್ಮೆ ಪಾಲಿಸುತ್ತಾರೆ. ಕೊಳ್ಳುವವರು ಒಮ್ಮೆ ಪಾಲಿಸಿದರೆ ಸಾಕು.